ಕ್ಲಾಸಿಕ್ ಕಾರು ಕೊಳ್ಳುವ ಮುನ್ನ ಬಗ್ಗಿ ನೋಡಿ

ಹಳೆಯ ಕಾರು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಒಂದು ಸುತ್ತು ಓಡಿಸುತ್ತಾರೆ, ಪಿಕಪ್ ಚೆನ್ನಾಗಿದೆ ಎಂದು ತಲೆಯಾಡಿಸುತ್ತಾರೆ. ಎಂಟು-ಹತ್ತು ವರ್ಷ ಓಡಿದ ಮಾಮೂಲಿ ಕಾರಿಗೆ ಈ ಕ್ರಮ ಸಾಕು. ನಲವತ್ತು-ಐವತ್ತು ವರ್ಷ ದಾಟಿದ ಕ್ಲಾಸಿಕ್ ಕಾರಿಗೆ ಮಾತ್ರ ಇದು ತಲೆಕೆಳಗಾದ ಲೆಕ್ಕ. ಅಲ್ಲಿ ಮೊದಲು ನೋಡಬೇಕಾದದ್ದು ಬಾಡಿ. ಎಂಜಿನ್ ಸರದಿ ಬರುವುದು ಎಷ್ಟೋ ಆಮೇಲೆ.

ಎಂಜಿನ್ ಎಷ್ಟೇ ಕೆಟ್ಟಿರಲಿ, ಇಳಿಸಿ ಬಿಚ್ಚಿ ಓವರಾಲ್ ಮಾಡಿಸಬಹುದು. ಬೋರ್ ಮಾಡಿಸಬೇಕಾ, ರಿಂಗ್ ಬದಲಿಸಿದರೆ ಸಾಕಾ, ಹೆಡ್ ಕೆಲಸ ಎಷ್ಟು ಎಂದು ಅನುಭವಿ ಮೆಕ್ಯಾನಿಕ್ ಹೆಚ್ಚೂಕಡಿಮೆ ಮೊದಲೇ ಅಂದಾಜು ಕೊಡುತ್ತಾರೆ. ತುಕ್ಕಿಗೆ ಅಂಥ ಅಂದಾಜು ಇಲ್ಲ. ಮೇಲಿನ ತಗಡು ಕತ್ತರಿಸಿ ತೆಗೆದ ಮೇಲೆಯೇ ಅದರ ಹಿಂದಿನ ತಗಡು ಕಾಣುವುದು. ಅದನ್ನೂ ತೆಗೆದರೆ ಅದರ ಹಿಂದಿನದ್ದು. ಎಲ್ಲಿ ಗಟ್ಟಿ ಲೋಹ ಸಿಗುತ್ತದೋ ಅಲ್ಲಿಯವರೆಗೂ ಬಿಲ್ ಬೆಳೆಯುತ್ತಲೇ ಹೋಗುತ್ತದೆ.

ಇಂಥ ಕಾರುಗಳು ಓಡಿ ಕೆಡುವುದು ಕಡಿಮೆ. ಅವನ್ನು ಹಾಳು ಮಾಡುವುದು ಒಳಗೆ ಸೇರಿದ ನೀರು, ವರ್ಷಗಟ್ಟಲೆ ಸುಮ್ನೆ ನಿಂತದ್ದು, ಮತ್ತು ಹಿಂದಿನವರು ಹಾಕಿಸಿದ ತೇಪೆ. ಮೂರರಲ್ಲಿ ನನಗೆ ಹೆಚ್ಚು ಭಯ ತೇಪೆಯದ್ದೇ. ನೀರು ತಾನು ಮಾಡಿದ್ದನ್ನು ಬಚ್ಚಿಡುವುದಿಲ್ಲ. ತೇಪೆ ಹಾಕುವುದೇ ಕಾಣಬಾರದು ಅಂತ. ಹಾಗಂತ ಮಾರುವವರೆಲ್ಲ ಸುಳ್ಳುಗಾರರಲ್ಲ. ಮೂರು ಕೈ ಹಿಂದೆ ಯಾರೋ ಮಾಡಿಸಿದ ಕೆಲಸ ಈಗಿನ ಮಾಲೀಕರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅವರು ನಂಬಿ ಕೊಂಡಿದ್ದಾರೆ, ನಂಬಿಕೊಂಡೇ ಮಾರುತ್ತಿದ್ದಾರೆ.

ತುಕ್ಕು ಒಳಗಿನಿಂದ ಬರುತ್ತದೆ

ಹಳೆಯ ಕಾಲದ ಅನೇಕ ಕಾರುಗಳಿಗೆ ಬೇರೆಯಾದ ಷಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ತೆಳು ಉಕ್ಕಿನ ತಗಡುಗಳನ್ನು ಮಡಚಿ, ಪೆಟ್ಟಿಗೆಯ ಆಕಾರ ಮಾಡಿ, ಅಂಚುಗಳಿಗೆ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಹೊಡೆದು ಬಾಡಿ ಕಟ್ಟಿರುತ್ತಾರೆ. ಇಡೀ ಕಾರಿನ ಬಲ ಈ ಪೊಳ್ಳು ಪೆಟ್ಟಿಗೆಗಳಲ್ಲೇ ಇರುತ್ತದೆ. ಹೊರಗಡೆ ಪ್ರೈಮರ್, ಪೇಂಟ್ ಎಲ್ಲ ಚೆನ್ನಾಗಿ ಕೂತಿರುತ್ತದೆ. ಆಗಿನ ಕಾರ್ಖಾನೆಗಳಲ್ಲಿ ಪೆಟ್ಟಿಗೆಯ ಒಳಮೈಗೆ ಪೇಂಟ್ ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ. ನೀರು ಹೊರಹೋಗಲು ಬಿಟ್ಟ ಸಣ್ಣ ತೂತುಗಳು ಮಣ್ಣು, ಎಲೆ ಕೂತು ಮುಚ್ಚುತ್ತವೆ. ಗಾಜಿನ ಸುತ್ತಲ ರಬ್ಬರ್ ಒಣಗಿ ಬಿರುಕು ಬಿಟ್ಟರೆ ಅಲ್ಲಿಂದಲೂ ನೀರು ಇಳಿಯುತ್ತದೆ. ನೀರೇ ಬೀಳದ ಕಡೆ ನಿಲ್ಲಿಸಿದ್ದರೂ, ಹಗಲು-ರಾತ್ರಿಯ ಬಿಸಿ-ತಂಪಿಗೆ ಒಳಗೆ ಹನಿ ಕಟ್ಟುತ್ತದೆ.

ಹಾಗಾಗಿ ಪೇಂಟ್ ಮೇಲೆ ಒಂದು ಸಣ್ಣ ಗುಳ್ಳೆ ಎದ್ದಿದೆ ಅಂದರೆ ತುಕ್ಕು ಈಗಷ್ಟೇ ಶುರುವಾಗಿದೆ ಎಂದು ತಿಳಿಯಬೇಡಿ. ಅದು ಒಳಗಿನಿಂದ ತಿಂದುಕೊಂಡು ಬಂದು ಹೊರಗೆ ತಲುಪಿದೆ. ಗುಳ್ಳೆ ಕಾಸಿನಷ್ಟಿದ್ದರೆ ಒಳಗಿನ ತೂತು ಅಂಗೈಯಷ್ಟಿರಬಹುದು.

ಇದಕ್ಕೆ ಎಂಜಿಬಿ ಒಳ್ಳೆಯ ಉದಾಹರಣೆ. 1962ರಿಂದ 1980ರವರೆಗೆ ತಯಾರಾದ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಅದು. ಬಹಳಷ್ಟು ತೆರೆದ ಮಾದರಿಗಳು, ಅಂದರೆ ಮೇಲೆ ಲೋಹದ ಛಾವಣಿ ಇಲ್ಲ. ಮೇಲೆ ಹಿಡಿತವಿಲ್ಲದ ಕಾರಿನಲ್ಲಿ ಮುಂಭಾಗ, ಹಿಂಭಾಗ ಎರಡನ್ನೂ ಜೋಡಿಸಿ ಹಿಡಿಯುವ ಕೆಲಸ ಮುಖ್ಯವಾಗಿ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್‌ಗಳದ್ದು. ಎಂಜಿಬಿಯ ಸಿಲ್ ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ನಿಂತ ಹಲಗೆಯಂತೆ ಮತ್ತೊಂದು. ನಡುವಿನದು ಹೊರಗಿನಿಂದ ಕಾಣುವುದೇ ಇಲ್ಲ. ಅಗ್ಗದಲ್ಲಿ ಕೆಲಸ ಮುಗಿಸುವವರು ಹೊರಗಿನ ತಗಡು ಮಾತ್ರ ಹೊಸದು ತಂದು, ಕೊಳೆತ ಹಳೆಯದರ ಮೇಲೆಯೇ ವೆಲ್ಡ್ ಮಾಡಿ, ಪೇಂಟ್ ಹೊಡೆದು ಕಳಿಸುತ್ತಾರೆ. ಹೊರಗಿನಿಂದ ನೋಡಿದರೆ ಫಳಫಳ. ಒಳಗೆ ನಡುವಿನ ಹಲಗೆಯ ಕೆಳಗಿನ ಅರ್ಧ ಪುಡಿಯಾಗಿ ಉದುರಿಹೋಗಿರುತ್ತದೆ.

ಇದನ್ನು ಪತ್ತೆ ಮಾಡಲು ದೊಡ್ಡ ಸಲಕರಣೆ ಬೇಡ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಬಾಗಿಲು ಮುಚ್ಚಿದಾಗ ಅದರ ಸುತ್ತಲ ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯಾ ನೋಡಿ. ಆಮೇಲೆ ಮಾಲೀಕರ ಒಪ್ಪಿಗೆ ಕೇಳಿ, ಕಾರಿಗಾಗಿಯೇ ಗುರುತಿಸಿದ ಜಾಗದಲ್ಲಿ ಜಾಕ್ ಹಾಕಿಸಿ, ನಿಧಾನವಾಗಿ ಎತ್ತಿಸಿ. ಎತ್ತುವಾಗ ನಿಮ್ಮ ಕಣ್ಣು ಆ ಸಂದಿಯ ಮೇಲೇ ಇರಲಿ. ಗಟ್ಟಿ ಬಾಡಿಯಲ್ಲಿ ಸಂದಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ, ಬಾಗಿಲು ಮೊದಲಿನಂತೆಯೇ ತೆರೆದು ಮುಚ್ಚುತ್ತದೆ. ಸಿಲ್ ಸತ್ತಿದ್ದರೆ ಸಂದಿ ಒಂದು ಕಡೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಜಾಕ್ ಇಟ್ಟ ಜಾಗದಲ್ಲೇ ಕರಕರ ಸದ್ದು ಬಂದರೆ ತಕ್ಷಣ ಇಳಿಸಿಬಿಡಿ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿದೆ. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಸಲಾಕೆ ಕೊಟ್ಟು ಬಾಡಿಯನ್ನು ಅಲುಗದಂತೆ ಹಿಡಿಯಬೇಕು. ಅದನ್ನು ಮಾಡದೆ ಕತ್ತರಿಸಿದರೆ ಕಾರು ನಡುವೆ ಸ್ವಲ್ಪ ಕುಸಿಯುತ್ತದೆ. ಹಾಗೆ ಕುಸಿದಿರುವಾಗಲೇ ಹೊಸ ಸಿಲ್ ವೆಲ್ಡ್ ಮಾಡಿದರೆ ಸೊಟ್ಟಗಿದ್ದ ಬಾಡಿ ಸೊಟ್ಟಗೇ ಗಟ್ಟಿಯಾಗುತ್ತದೆ. ಲೋಹ ಹೊಸದು, ಕೆಲಸವೂ ಭದ್ರ, ಆದರೂ ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ. ಬಾಗಿಲನ್ನೇ ಕೆರೆದು, ಅಂಚಿಗೆ ಪುಟ್ಟಿ ತುಂಬಿ ಸಂದಿ ಹೊಂದಿಸಿದವರೂ ಇದ್ದಾರೆ.

ಪ್ರತಿ ಮಾದರಿಗೂ ತನ್ನದೇ ಕೊಳೆಯುವ ಜಾಗ ಇರುತ್ತದೆ. ಯಾವ ಕಾರು ನೋಡಲು ಹೋಗುತ್ತೀರೋ ಅದರ ಜಾಗ ಯಾವುದು ಎಂದು ಮೊದಲೇ ತಿಳಿದುಕೊಂಡು ಹೋಗುವುದು ಅರ್ಧ ಕೆಲಸ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ವರ್ಷಗಟ್ಟಲೆ ಆಸಿಡ್ ತೊಟ್ಟಿಕ್ಕಿ, ಹಬೆ ತಾಗಿ ಅಲ್ಲಿನ ನೆಲದ ತಗಡು ತಿಂದುಹೋಗಿರುತ್ತದೆ. ಸೀಟು ಎತ್ತಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದೇ ಕಾರಿನ ಎರಡು ಬದಿಯ ಕೊಳವೆಗಳು ಎಂಜಿನ್‌ನ ಬಿಸಿಗಾಳಿಯನ್ನು ಒಳಗೆ ತರುತ್ತವೆ, ಕಾರಿನ ಮೈಗೆ ಬಲವನ್ನೂ ಕೊಡುತ್ತವೆ. ಅವು ಕೊಳೆತರೆ ಹೀಟರ್ ಹೋಯಿತು ಅಷ್ಟೇ ತಾನೇ ಎಂದು ಬಿಟ್ಟುಬಿಡುವ ಹಾಗಿಲ್ಲ. ಜಾಗ್ವಾರ್ ಇ-ಟೈಪ್‌ನಲ್ಲಿ ಎಂಜಿನ್ ಕೂತಿರುವುದು ಮುಂದೆ ಬೋಲ್ಟ್ ಮಾಡಿದ ಚೌಕ ಕೊಳವೆಗಳ ಚೌಕಟ್ಟಿನ ಮೇಲೆ. ಆ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಮೇಲೆ ತೇಪೆ ವೆಲ್ಡ್ ಕಂಡರೆ ಚೌಕಟ್ಟೇ ಬದಲಿಸಬೇಕು ಎಂದು ಲೆಕ್ಕ ಹಾಕಿಕೊಳ್ಳಿ.

ಫೈಬರ್ ಬಾಡಿ ಇದ್ದರೆ ತುಕ್ಕಿನ ಚಿಂತೆ ಇಲ್ಲ ಎನ್ನುವವರು ತುಂಬಾ ಜನ. ಶೆವ್ರೊಲೆ ಕಾರ್ವೆಟ್‌ಗೆ 1953ರಿಂದಲೂ ಫೈಬರ್ ಗ್ಲಾಸ್ ಬಾಡಿಯೇ. ಆದರೆ ಕೆಳಗಿನ ಷಾಸಿ ಉಕ್ಕಿನದು. 1963ರ ನಂತರದ ಕಾರುಗಳಲ್ಲಿ ಗಾಜು, ಬಾಗಿಲುಗಳ ಸುತ್ತ ಉಕ್ಕಿನ ಪಂಜರವೂ ಫೈಬರ್ ಒಳಗೆ ಅಡಗಿದೆ. ಅದು ಕೊಳೆತರೆ ಹೊರಗೆ ಗುಳ್ಳೆಯೂ ಏಳುವುದಿಲ್ಲ, ಸೂಚನೆಯೂ ಸಿಗುವುದಿಲ್ಲ. 1962ರಲ್ಲಿ ಬಂದ ಲೋಟಸ್ ಎಲಾನ್ ಇನ್ನೂ ಮಜಾ. ಅದರ ಉಕ್ಕಿನ ಷಾಸಿಯ ಮುಂದಿನ ಅಡ್ಡ ತೊಲೆಯೇ ಒಳಗೆ ಮಡಚಿಕೊಳ್ಳುವ ಹೆಡ್‌ಲೈಟ್‌ಗಳನ್ನು ಎತ್ತುವ ವ್ಯಾಕ್ಯೂಮ್‌ಗೆ (ನಿರ್ವಾತಕ್ಕೆ) ಟ್ಯಾಂಕ್ ಕೂಡ ಹೌದು. ಹಾಗಾಗಿ ಎಲಾನ್‌ನ ಹೆಡ್‌ಲೈಟ್ ಸರಿಯಾಗಿ ಏಳುತ್ತಿಲ್ಲ, ಸಣ್ಣ ರಿಪೇರಿ ಎಂದು ಯಾರಾದರೂ ಹೇಳಿದರೆ, ಷಾಸಿಯಲ್ಲೇ ತೂತು ಬಿದ್ದಿರಬಹುದು ಎಂಬ ಅನುಮಾನ ಇಟ್ಟುಕೊಳ್ಳಿ. ಲ್ಯಾಂಡ್ ರೋವರ್‌ನ ಹೊರಮೈ ಅಲ್ಯೂಮಿನಿಯಂ, ಷಾಸಿ ಉಕ್ಕು. ಎರಡು ಬೇರೆ ಲೋಹ ತಾಗಿಕೊಂಡಿರುವ ಕಡೆ ಒದ್ದೆಯಾದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಛಾವಣಿಗೆ ವಿನೈಲ್ ಹೊದಿಸಿದ ಕಾರುಗಳನ್ನಂತೂ ಕೈಯಿಂದ ಒತ್ತಿ ಒತ್ತಿ ನೋಡಬೇಕು. ವಿನೈಲ್ ಅಡಿಯಲ್ಲಿ ಸೇರಿದ ನೀರಿಗೆ ಹೊರಹೋಗಲು ದಾರಿಯೇ ಇಲ್ಲ.

ಪುಟ್ಟಿ, ಪೇಂಟ್ ಮತ್ತು ಕಪ್ಪು ಲೇಪ

ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ಮಾತು ಪುಟ್ಟಿ ಕೆಲಸಕ್ಕೇ ಹುಟ್ಟಿದ ಹಾಗಿದೆ. ಒಳ್ಳೆಯ ಟಿಂಕರಿಂಗ್‌ನಲ್ಲೂ ಪುಟ್ಟಿ ಇರುತ್ತದೆ. ಡೆಂಟ್ ಎತ್ತಿದ ಮೇಲೆ ಉಳಿಯುವ ಸಣ್ಣ ಏರುಪೇರು ತುಂಬಲು ತೆಳು ಪದರ ಬೇಕೇ ಬೇಕು. ತೂತಿಗೆ ಜಾಲರಿ ಅಂಟಿಸಿ, ಮೇಲೆ ಬೆರಳು ದಪ್ಪ ಪುಟ್ಟಿ ಬಳಿದು, ಉಜ್ಜಿ ಆಕಾರ ಕೊಡುವುದು ಬೇರೆ ವಿಷಯ. ಅದು ಒಂದೆರಡು ವರ್ಷ ಚೆಂದ ಕಾಣುತ್ತದೆ. ಅಷ್ಟರಲ್ಲಿ ಕಾರು ಕೈ ಬದಲಾಗಿರುತ್ತದೆ.

ಪೇಂಟ್ ದಪ್ಪ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100-150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಆಸುಪಾಸು ಇರುತ್ತದೆ. ಮತ್ತೊಮ್ಮೆ ಪೇಂಟ್ ಮಾಡಿಸಿದ್ದರೆ 200-300ಕ್ಕೆ ಏರುತ್ತದೆ. 1000 ದಾಟಿತು ಅಂದರೆ ಅಲ್ಲಿ ಪುಟ್ಟಿ ಇದೆ. ಇಡೀ ಕಾರು 300 ತೋರಿಸಿದರೆ ಗಾಬರಿ ಬೇಡ. ಐವತ್ತು ವರ್ಷದ ಕಾರಿಗೆ ಮರುಪೇಂಟ್ ಆಗಿರುವುದು ಸಹಜ, ಅಲ್ವಾ? ನೋಡಬೇಕಾದದ್ದು ವ್ಯತ್ಯಾಸವನ್ನು. ಬಾಗಿಲ ಮೇಲ್ಭಾಗ 250, ಕೆಳಗಿನ ಅಂಚು 1500 ಎಂದು ಬಂದರೆ ಕೆಳಗೆ ಏನೋ ನಡೆದಿದೆ. ಚಕ್ರದ ಮೇಲಿನ ಕಮಾನು, ಬಾಗಿಲ ಬುಡ, ಫೆಂಡರ್‌ನ ಹಿಂದಿನ ಕೆಳತುದಿ, ಡಿಕ್ಕಿಯ ನೆಲ ಇವೆಲ್ಲ ಬಿಡದೆ ಮುಟ್ಟಿ.

ಮೀಟರ್ ಇಲ್ಲದವರು ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಇಟ್ಟು ನೋಡುತ್ತಾರೆ. ಅದೂ ಸರಿಯೇ, ದಪ್ಪ ಪುಟ್ಟಿ ಇರುವ ಕಡೆ ಅಯಸ್ಕಾಂತ ಅಂಟುವುದಿಲ್ಲ. ಒಂದು ಎಚ್ಚರಿಕೆ: ಆಗಿನ ಅನೇಕ ಕಾರುಗಳಲ್ಲಿ ತಗಡು ಕೂಡುವ ಕಡೆ ಕಾರ್ಖಾನೆಯವರೇ ಸೀಸ ತುಂಬಿ ನಯ ಮಾಡುತ್ತಿದ್ದರು. ಅಯಸ್ಕಾಂತ ಸೀಸಕ್ಕೂ ಅಂಟುವುದಿಲ್ಲ. ಅಂಥ ಕಡೆ ಅಯಸ್ಕಾಂತ ಜಾರಿದರೆ ಮೋಸ ಎಂದು ಕೂಗಬೇಡಿ.

ಕೆಳಗಡೆ ಹೊಸದಾಗಿ ಬಳಿದ ಕಪ್ಪು ಲೇಪ ಕಂಡರೆ ಅದನ್ನು ಯಾವಾಗ, ಏಕೆ ಬಳಿಸಿದರು ಎಂದು ಕೇಳಲೇಬೇಕು. ಮಾರುವ ಹೊತ್ತಿಗೆ ತಳಕ್ಕೆ ಕಪ್ಪು ಬಳಿಯುವುದಕ್ಕೆ ಒಳ್ಳೆಯ ಕಾರಣ ಅಪರೂಪ. ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಧಪ್ ಎನ್ನುತ್ತದೆ.

ಪೂರ್ತಿ ರೆಸ್ಟೋರ್ ಆದ ಕಾರು ಎಂದು ಹೇಳಿದರೆ ಫೋಟೊ ಕೇಳಿ. ಅಷ್ಟು ಕೆಲಸ ಮಾಡಿಸಿದವರು ಫೋಟೊ ತೆಗೆಯದೆ ಇರುವುದಿಲ್ಲ. ಪೇಂಟ್ ಕಿತ್ತು ಬರಿ ಲೋಹ ಕಾಣುವ, ಹೊಸ ತಗಡು ಕೂರಿಸಿದ ಫೋಟೊ ಇದ್ದರೆ ಅದಕ್ಕೆ ಬೆಲೆ ಇದೆ. ಫೋಟೊ, ಬಿಲ್ ಎರಡೂ ಇಲ್ಲದಿದ್ದರೆ ಬೆಲೆಯ ಲೆಕ್ಕದಲ್ಲಿ ಆ ರೆಸ್ಟೋರೇಶನ್ ನಡೆದೇ ಇಲ್ಲ ಎಂದುಕೊಳ್ಳಿ.

ನಿಂತ ಕಾರಿನ ರೋಗ

ಕಡಿಮೆ ಓಡಿದ ಕಾರು ಎನ್ನುವುದು ಜಾಹೀರಾತಿನ ನೆಚ್ಚಿನ ಮಾತು. ಮೊದಲನೆಯದಾಗಿ, ಆ ಕಾಲದ ಅನೇಕ ಓಡೋಮೀಟರ್‌ಗಳಲ್ಲಿ ಇದ್ದದ್ದು ಐದೇ ಅಂಕಿ. 99,999 ಆದಮೇಲೆ ಮತ್ತೆ ಸೊನ್ನೆ. 32,000 ಎಂದು ತೋರಿಸುತ್ತಿದ್ದರೆ ಅದು 1,32,000 ಇರಬಹುದು, 2,32,000 ಕೂಡ ಇರಬಹುದು. ಪೆಡಲ್ ರಬ್ಬರ್ ಎಷ್ಟು ಸವೆದಿದೆ, ಚಾಲಕನ ಸೀಟಿನ ಅಂಚು ಎಷ್ಟು ಕುಸಿದಿದೆ, ಕೀಲಿ ತೂತಿನ ಸುತ್ತ ಎಷ್ಟು ಗೀರು ಇದೆ ಎಂಬುದು ಮೀಟರ್‌ಗಿಂತ ನಿಜ ಹೇಳುತ್ತದೆ.

ನಿಜಕ್ಕೂ ಕಡಿಮೆ ಓಡಿದ್ದರೂ ಅದು ವರವೇ ಆಗಬೇಕಿಲ್ಲ. ಹತ್ತು ವರ್ಷ ನಿಂತೇ ಇದ್ದ ಕಾರಿಗಿಂತ ವಾರಕ್ಕೊಮ್ಮೆ ಓಡಿದ ಕಾರನ್ನು ನಾನು ಕಣ್ಣುಮುಚ್ಚಿ ಆರಿಸುತ್ತೇನೆ. ನಿಂತ ಕಾರಿನಲ್ಲಿ ಕೆಡುವುದೆಲ್ಲ ಕಣ್ಣಿಗೆ ಕಾಣದ ಕಡೆ.

ಬ್ರೇಕ್ ಎಣ್ಣೆಯನ್ನೇ ತೆಗೆದುಕೊಳ್ಳಿ. ಮಾಮೂಲಿ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 155 ಡಿಗ್ರಿ ಮಾತ್ರ. ಉದ್ದದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿ ಬಿಸಿಯಾದಾಗ ಹಳೆಯ ಎಣ್ಣೆ ಕುದಿದು ಆವಿಯಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮನೆ ಸುತ್ತ ಒಂದು ರೌಂಡ್ ಹೊಡೆದರೆ ಇದು ಗೊತ್ತಾಗುವ ಮಾತೇ ಇಲ್ಲ. ಅದೇ ತೇವ ಬ್ರೇಕ್ ಸಿಲಿಂಡರ್‌ಗಳ ಒಳಗೋಡೆಯಲ್ಲೂ ತುಕ್ಕಿನ ಗುಳಿ ಮಾಡುತ್ತದೆ.

ರಬ್ಬರ್ ಬ್ರೇಕ್ ಪೈಪ್ ಇನ್ನೂ ಮೋಸಗಾರ. ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಒಳಗೋಡೆ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಕಾಲಿನ ಒತ್ತಡಕ್ಕೆ ಎಣ್ಣೆ ಆ ಕಡೆ ಹೋಗುತ್ತದೆ, ಕಾಲು ತೆಗೆದರೆ ಹಿಂದೆ ಬರುವುದಿಲ್ಲ. ಆ ಚಕ್ರದ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಕಾರಣ ಇದೂ ಇರಬಹುದು.

ಟೈರ್‌ಗೆ ಗ್ರಿಪ್ ಇದೆ ಎಂದು ಸಮಾಧಾನ ಪಡಬೇಡಿ. ಟೈರ್ ಬದಿಯಲ್ಲಿ ನಾಲ್ಕು ಅಂಕಿಯ ತಯಾರಿ ಸಂಖ್ಯೆ ಇರುತ್ತದೆ. 2309 ಎಂದಿದ್ದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕೂ ಮುಂಚಿನದು, ಅದರ ಮೇಲೆ ಓಡಿಸಿ ನೋಡುವುದೂ ಬೇಡ. ಹತ್ತು ವರ್ಷ ದಾಟಿದ ಟೈರನ್ನು ಗ್ರಿಪ್ ಎಷ್ಟೇ ಇದ್ದರೂ ಬದಲಿಸಬೇಕು. ಸ್ಟೆಪ್ನಿಯನ್ನೂ ಮರೆಯಬೇಡಿ.

ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ. ಹಳಸಿದ ಪೆಟ್ರೋಲ್‌ಗೆ ವಾರ್ನಿಶ್‌ನಂಥ ವಾಸನೆ ಇರುತ್ತದೆ. ಅದು ಕಾರ್ಬುರೇಟರ್‌ನ ಸಣ್ಣ ಜೆಟ್‌ಗಳಲ್ಲಿ ಅಂಟಾಗಿ ಕೂರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ಇನ್ನೊಂದು ತಲೆನೋವು. ಅದು ನೀರು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಗೊತ್ತಿಲ್ಲದೆ ಮಾಡಿದ ಉಪಕಾರ

ಕೆಲವು ಕಾರುಗಳನ್ನು ಹಾಳು ಮಾಡಿದವರು ಅವನ್ನು ಪ್ರೀತಿಯಿಂದ ನೋಡಿಕೊಂಡವರೇ. 1955ರಲ್ಲಿ ಬಂದ ಸಿಟ್ರೋಯೆನ್ ಡಿಎಸ್‌ನಲ್ಲಿ ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ಎಲ್ಲಕ್ಕೂ ಒತ್ತಡದ ಎಣ್ಣೆಯೇ ಆಧಾರ. ಮೊದಲ ವರ್ಷಗಳಲ್ಲಿ ಬಳಸುತ್ತಿದ್ದುದು ತೇವ ಹೀರುವ ಜಾತಿಯ ಎಣ್ಣೆ. 1966ರ ಸುಮಾರಿಗೆ ಹಸಿರು ಬಣ್ಣದ ಖನಿಜ ಎಣ್ಣೆ ಬಂತು. ಎರಡಕ್ಕೂ ಸೀಲ್‌ಗಳ ರಬ್ಬರ್ ಬೇರೆ ಬೇರೆ. ಎಣ್ಣೆ ಕಡಿಮೆಯಾಗಿದೆ ಎಂದು ಯಾರೋ ಕೈಗೆ ಸಿಕ್ಕ ಡಬ್ಬಿ ಸುರಿದರೆ ಕಾರಿನ ಉದ್ದಕ್ಕೂ ಸೀಲ್‌ಗಳು ಊದಿ ಕೆಡುತ್ತವೆ. ಅದು ಆ ದಿನವೇ ತಿಳಿಯುವುದಿಲ್ಲ. ಮಾರುವ ದಿನವೂ ತಿಳಿಯದಿರಬಹುದು.

ಟ್ರಯಂಫ್ ಹೆರಾಲ್ಡ್, ಸ್ಪಿಟ್‌ಫೈರ್ ಕಾರುಗಳ ಮುಂದಿನ ಚಕ್ರ ತಿರುಗುವುದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ಕೂತ ಉಕ್ಕಿನ ತಿರುಪಿನ ಮೇಲೆ. ಅದಕ್ಕೆ ಬೇಕಾದದ್ದು ದಪ್ಪನೆಯ ಗೇರ್ ಆಯಿಲ್. ನಿಪ್ಪಲ್ ಕಂಡ ಕಡೆ ಗ್ರೀಸ್ ಹೊಡೆಯುವುದು ಮೆಕ್ಯಾನಿಕ್‌ಗಳ ಅಭ್ಯಾಸ. ಗ್ರೀಸ್ ತಿರುಪಿನ ಸಂದಿಗೆಲ್ಲ ಹೋಗುವುದಿಲ್ಲ, ಅಲ್ಲಿ ನೀರು ಕೂತು ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ದಿನ ತಿರುವಿನಲ್ಲಿ ಅದು ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಮಾಲೀಕರನ್ನು ಒಂದೇ ಪ್ರಶ್ನೆ ಕೇಳಿ: ಟ್ರನಿಯನ್‌ಗೆ ಏನು ಹಾಕುತ್ತೀರಿ? ಗ್ರೀಸ್ ಎಂದು ಹೆಮ್ಮೆಯಿಂದ ಹೇಳಿದರೆ ಆ ಭಾಗ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ವೈರಿಂಗ್ ಕೂಡ ಇದೇ ಕಥೆ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು. ಈಗಿನದಕ್ಕೆ ಅದು ಉಲ್ಟಾ. ಅದನ್ನು ಬದಲಿಸಿ ರೇಡಿಯೊ, ಆಲ್ಟರ್ನೇಟರ್, ಫಾಗ್ ಲೈಟ್ ಎಂದು ಒಬ್ಬೊಬ್ಬರು ಒಂದೊಂದು ವೈರ್ ಎಳೆದಿರುತ್ತಾರೆ, ಫ್ಯೂಸ್ ಇಲ್ಲದೆ. ಡ್ಯಾಶ್‌ಬೋರ್ಡ್ ಕೆಳಗೆ ಮೊಬೈಲ್ ಬೆಳಕು ಬಿಟ್ಟು ನೋಡಿ. ಬಣ್ಣ ಬಣ್ಣದ ಟೇಪ್ ಸುತ್ತಿದ ಗಂಟುಗಳು ಕಂಡರೆ ಪೂರ್ತಿ ವೈರಿಂಗ್ ಬದಲಿಸಬೇಕಾಗಬಹುದು. ಹಿಂದಿನ ದೀಪ, ಬ್ರೇಕ್, ಇಂಡಿಕೇಟರ್ ಒಟ್ಟಿಗೆ ಹಾಕಿದಾಗ ಎಲ್ಲ ದೀಪಗಳೂ ಇಂಡಿಕೇಟರ್ ತಾಳಕ್ಕೆ ಮಿಣಮಿಣ ಎಂದರೆ ಅರ್ಥಿಂಗ್ ಸರಿ ಇಲ್ಲ. ಅದು ಮಾತ್ರ ಅಗ್ಗದ ರಿಪೇರಿ.

ಈಗ ಎಂಜಿನ್

ನೀವು ಬರುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಎಂದು ಫೋನ್‌ನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮೊದಲ ಸ್ಟಾರ್ಟ್‌ನ ತೊಂದರೆಯನ್ನು ಯಾರೋ ಆಗಲೇ ಮುಗಿಸಿದ್ದಾರೆ.

ತಣ್ಣಗೆ ಸ್ಟಾರ್ಟ್ ಆದಾಗ ಒಂದು ಕ್ಷಣ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ. ಎಳೆಯುವಾಗ ನೀಲಿ ಹೊಗೆ ಬರುತ್ತಲೇ ಇದ್ದರೆ ರಿಂಗ್, ಬೋರ್ ಸವೆದಿದೆ. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಓವರಾಲ್. ಬಿಸಿಯಾದ ಮೇಲೂ ಬಿಳಿ ಹೊಗೆ ಬಿಡದೆ ಬಂದು ಸಿಹಿ ವಾಸನೆ ಹೊಡೆದರೆ ಕೂಲಂಟ್ ಒಳಗೆ ಸುಡುತ್ತಿದೆ, ಎಂಜಿನ್ ಹೆಡ್ ಅಡಿಯ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎಣ್ಣೆ ಮುಚ್ಚಳದ ಕೆಳಗೆ ಬೆಣ್ಣೆಯಂಥದ್ದು ಅಂಟಿದ್ದರೆ ಅದನ್ನೇ ಹೆಡ್ ಗ್ಯಾಸ್ಕೆಟ್ ಎಂದು ಹೇಳುವವರಿದ್ದಾರೆ. ಸಣ್ಣ ದೂರ ಮಾತ್ರ ಓಡಿದ ಕಾರಿನಲ್ಲಿ ತೇವಕ್ಕೂ ಹಾಗಾಗುತ್ತದೆ. ಎಣ್ಣೆ ಮಟ್ಟ ನೋಡುವ ಡಿಪ್‌ಸ್ಟಿಕ್‌ನಲ್ಲೂ ಅದೇ ಕಂಡರೆ ಆಗ ಹೆದರಬೇಕು. ಸಿಲಿಂಡರ್‌ಗಳ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಸೀಸ ಬೆರೆಸಿದ ಪೆಟ್ರೋಲ್‌ಗಾಗಿ ಮಾಡಿದ ಎಂಜಿನ್‌ಗಳಿಗೆ ಇನ್ನೊಂದು ಸಮಸ್ಯೆ ಇದೆ. ಆ ಸೀಸ ವಾಲ್ವ್‌ಗಳು ಮುಚ್ಚಿ ಕೂರುವ ಸೀಟ್‌ಗಳನ್ನು ಸವೆಯದಂತೆ ಕಾಯುತ್ತಿತ್ತು. ಈಗ ಜಗತ್ತಿನಲ್ಲಿ ಎಲ್ಲೂ ಕಾರಿಗೆ ಆ ಪೆಟ್ರೋಲ್ ಸಿಗುವುದಿಲ್ಲ. ಕೊನೆಗೆ ಉಳಿದಿದ್ದ ಅಲ್ಜೀರಿಯಾದಲ್ಲೂ 2021ರಲ್ಲಿ ನಿಂತಿತು. ಹೆಡ್‌ಗೆ ಗಟ್ಟಿ ಉಕ್ಕಿನ ಸೀಟ್ ಹಾಕಿಸಿದ್ದಾರಾ ಎಂದು ಕೇಳಿ, ಬಿಲ್ ನೋಡಿ. ಹಾಕಿಸದಿದ್ದರೆ ನಿಧಾನಕ್ಕೆ ಓಡಿಸುವವರಿಗೆ ತಕ್ಷಣದ ಅಪಾಯವೇನಿಲ್ಲ, ಆದರೆ ಯಾವತ್ತಾದರೂ ಮಾಡಿಸಬೇಕಾದ ಕೆಲಸ.

ಓಡಿಸುವಾಗ ಎರಡನೇ ಗೇರ್‌ಗೆ ಬೇಗ ಇಳಿಸಿ ನೋಡಿ, ಕರ್ ಎಂದರೆ ಗೇರ್ ಸರಾಗವಾಗಿ ಕೂರಿಸುವ ಸಿಂಕ್ರೊ ಸವೆದಿದೆ. ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಜಾರಿದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಇದು ನಿಜಕ್ಕೂ ಅದೇ ಕಾರಾ?

ಬೆಲೆ ದೊಡ್ಡದಾದಷ್ಟೂ ಈ ಪ್ರಶ್ನೆ ದೊಡ್ಡದು. ಈಗಿನ 17 ಅಕ್ಷರದ ಷಾಸಿ ಸಂಖ್ಯೆ ಬಂದದ್ದು ಅಮೆರಿಕದಲ್ಲಿ 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ಸಾದಾ ಮಿನಿಯನ್ನು ದುಬಾರಿ ಕೂಪರ್ ಎಸ್ ಎಂದು, ಸಾದಾ ಮಸ್ಟ್ಯಾಂಗ್‌ಗೆ ಪಟ್ಟೆ ಬಳಿದು ದುಬಾರಿ ಶೆಲ್ಬಿ ಎಂದು ಮಾರುವುದು ಹೊಸ ವಿಷಯವಲ್ಲ. ಬ್ಯಾಡ್ಜ್ ಯಾರು ಬೇಕಾದರೂ ಅಂಟಿಸಬಹುದು. ಪ್ಲೇಟ್‌ನ ರಿವೆಟ್ ಹೊಸದಾಗಿದೆಯಾ, ಎಂಜಿನ್ ಬ್ಲಾಕ್ ಮೇಲೆ ಸಂಖ್ಯೆ ಕೆತ್ತಿದ ಜಾಗವನ್ನು ಉಜ್ಜಿದ ಗುರುತಿದೆಯಾ ನೋಡಿ. ಕಾರ್ಖಾನೆಯ ದಾಖಲೆ ಇನ್ನೂ ಸಿಗುವ ಕಾರುಗಳಿಗೆ ಅದನ್ನು ತರಿಸಬಹುದು. ಅನೇಕ ಬ್ರಿಟಿಷ್ ಕಾರುಗಳಿಗೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಪ್ರಮಾಣಪತ್ರ ಕೊಡುತ್ತದೆ. ಕಾರು ಯಾವ ದಿನ, ಯಾವ ಬಣ್ಣದಲ್ಲಿ, ಯಾವ ಎಂಜಿನ್ ಜೊತೆ ಹೊರಬಂತು ಎಂಬುದು ಅದರಲ್ಲಿರುತ್ತದೆ.

ಎಂಜಿನ್ ಬದಲಾಗಿದ್ದರೆ ಅದು ಯಾವಾಗಲೂ ಮೋಸವಲ್ಲ. 1970ರಿಂದ 1977ರವರೆಗೆ ತಯಾರಾದ ಟ್ರಯಂಫ್ ಸ್ಟ್ಯಾಗ್‌ನ ವಿ8 ಎಂಜಿನ್ ಬಿಸಿಯೇರಿ ಕೆಡುತ್ತಿತ್ತು, ಬೇಸತ್ತ ಮಾಲೀಕರು ರೋವರ್ ವಿ8 ಹಾಕಿಸಿಕೊಂಡರು. ಓಡಿಸಲು ಅಂಥದ್ದು ಚೆನ್ನಾಗಿಯೇ ಇರಬಹುದು. ಮೂಲ ಎಂಜಿನ್ ಇರುವ ಕಾರಿನ ಬೆಲೆ ಕೊಡಬೇಕಿಲ್ಲ ಅಷ್ಟೇ.

ಇಲ್ಲದಿರುವುದನ್ನೂ ಎಣಿಸಿ

ಕಾರಿನಲ್ಲಿ ಇರುವುದನ್ನು ಎಲ್ಲರೂ ನೋಡುತ್ತಾರೆ, ಇಲ್ಲದಿರುವುದು ಕಣ್ಣಿಗೆ ಬೀಳುವುದಿಲ್ಲ. ಒಂದು ಬಾಗಿಲ ಹಿಡಿಕೆ, ಕ್ರೋಮ್ ಪಟ್ಟಿ, ಹಿಂದಿನ ದೀಪದ ಗಾಜು. ಜನಪ್ರಿಯ ಮಾದರಿಗೆ ಇದು ಸಮಸ್ಯೆಯೇ ಅಲ್ಲ. ಎಂಜಿಬಿಗೆ 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರುತ್ತಿದ್ದಾರೆ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಮಾತ್ರ ಒಂದು ದೀಪದ ಗಾಜು ವರ್ಷಗಟ್ಟಲೆ ಕಾಯಿಸುತ್ತದೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಕ್ರೋಮ್ ಹಾಕಿದ ಭಾಗಗಳಲ್ಲಿ ಗುಳಿ ಬಿದ್ದರೆ ಸರಿಮಾಡುವುದು ಕಷ್ಟ, ಖರ್ಚೂ ಜಾಸ್ತಿ. ಬಿಚ್ಚಿ ಡಬ್ಬಿಗಳಲ್ಲಿ ತುಂಬಿಟ್ಟ ಕಾರನ್ನು ಎಲ್ಲಾ ಪಾರ್ಟ್ಸ್ ಇವೆ ಎಂಬ ಮಾತಿನ ಮೇಲೆ ಕೊಳ್ಳಬೇಡಿ. ಇವೆ ಎಂದು ತೋರಿಸಲು ಯಾರಿಂದಲೂ ಆಗುವುದಿಲ್ಲ.

ಕೊನೆಯ ಮಾತುಕತೆಗೆ ಮುಂಚೆ ಅದೇ ಮಾದರಿ ಗೊತ್ತಿರುವ ಮೆಕ್ಯಾನಿಕ್‌ರನ್ನು ಕರೆದುಕೊಂಡು ಹೋಗಿ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಅದೇ ಮಾದರಿಯ ಇನ್ನೆರಡು ಕಾರು ಮೊದಲೇ ನೋಡಿದ್ದರೆ ಇನ್ನೂ ಒಳ್ಳೆಯದು. ಸರಿಯಾದ ಸಂದಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗಿರುತ್ತದೆ.

ಕೊಂಡ ಮೇಲೆ ದೂರ ಓಡಿಸುವ ಮುಂಚೆ ಬ್ರೇಕ್ ಎಣ್ಣೆ, ಬ್ರೇಕ್ ಪೈಪ್, ಪೆಟ್ರೋಲ್ ಪೈಪ್, ಟೈರ್ ಬದಲಿಸಿ. ಮಾರುವವರು ಏನೇ ಹೇಳಿರಲಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬಾಯಿಂದ ಊದಲೂ ಬೇಡಿ. ಆ ಕಾಲದ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ಸರಿಯಾದ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒಣಗಲು ಬಿಡದೆ ಚೀಲದಲ್ಲಿ ಕಟ್ಟಿಡಿ.